ಎಡಗಡೆಯ ನಲ್ಲಿ

ಅಡುಗೆಮನೆಯ ಸಿಂಕಿಗೆ ಎರಡು ನಲ್ಲಿಗಳಿದ್ದವು. ಬಲಗಡೆಯದರಲ್ಲಿ ತಣ್ಣೀರು ಬರುತ್ತಿತ್ತು. ಎಡಗಡೆಯದು ಲೆಕ್ಕಕ್ಕಿರಲಿಲ್ಲ. ಅದರ ಹಿಡಿಗೆ ಅತ್ತೆ ಒರೆಸುವ ಬಟ್ಟೆ ನೇತುಹಾಕುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಒಮ್ಮೆ ಅದನ್ನು ತಿರುಗಿಸಿ ನೋಡಿ, ತೆರೆದ ಹಾಗೇ ಬಿಟ್ಟಿದ್ದಳು.

"ಅದರಲ್ಲಿ ಏನೂ ಬರಲ್ಲಮ್ಮ," ಅಂದಿದ್ದರು ಅತ್ತೆ. "ಗೀಸರ್ ಇರೋದು ಬಚ್ಚಲಲ್ಲಿ. ಅಲ್ಲಿಂದ ಇಲ್ಲಿಗೆ ಬರೋಷ್ಟರಲ್ಲಿ ನೀರು ಆರಿಹೋಗುತ್ತೆ ಅಂತ ಪೈಪೇ ಹಾಕಿಲ್ಲ. ನಲ್ಲಿನ ಜೋಡಿಯಾಗಿ ಮಾರ್ತಾರಲ್ಲ, ಅದಕ್ಕೆ ಎರಡಿದೆ."

"ಯಾರು ಹೇಳಿದ್ರು ಅತ್ತೆ?"

"ನಿಮ್ಮ ಮಾವ. ಅವರಿಗೆ ಗೊತ್ತಿಲ್ಲದ ಪೈಪಾ?"

ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಕುರ್ಚಿಯ ಕಾಲು ಅಲ್ಲಾಡಿದರೂ, ಗಡಿಯಾರ ನಿಂತರೂ ಅವರೇ ಕೈ ಹಾಕಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಅಂಥವರು ಹೇಳಿದ ಮೇಲೆ ಸೊಸೆಯೂ ಸುಮ್ಮನಾದಳು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ, ಅಂದರೆ ಈ ಮನೆಯ ಮಗ, ಕೊರಿಯರ್ ಕಚೇರಿಯಲ್ಲಿದ್ದ. ಇವರ ಜೊತೆಗೆ ಮಾವನ ತಾಯಿ, ಅಂದರೆ ಅಜ್ಜಿ. ಅಜ್ಜಿಗೆ ಕಾಲು ಬಿದ್ದುಹೋಗಿತ್ತು, ಕಿವಿ ಮಾತ್ರ ಚುರುಕು. ನಡುಮನೆಯ ಮಂಚದ ಮೇಲೆ ಕೂತುಕೊಂಡೇ ಅಡುಗೆಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ತೆಗೆದರು ಅಂತ ಹೇಳುತ್ತಿದ್ದಳು.

ಚಳಿ ಶುರುವಾದ ಮೇಲೆ ಒಂದು ಭಾನುವಾರ ಸೊಸೆ ಸ್ಟೂಲು ಹತ್ತಿ ಬಚ್ಚಲುಮನೆಯ ಜೇಡರ ಬಲೆ ತೆಗೆಯುತ್ತಿದ್ದಳು. ಗೀಸರಿನ ಮೇಲೆ, ಗಾಳಿಕಿಂಡಿಯ ಹತ್ತಿರ, ಗೋಡೆಯದೇ ತಿಳಿನೀಲಿ ಬಣ್ಣ ಬಳಿದ ದುಂಡನೆಯದೇನೋ ಕೈಗೆ ಸಿಕ್ಕಿತು. ಬಟ್ಟೆಯಿಂದ ಒರೆಸುತ್ತ ಸುಮ್ಮನೆ ಹಿಡಿದು ತಿರುಗಿಸಿದಳು. ಮೊದಲು ಬಿಗಿಯಿತ್ತು, ಆಮೇಲೆ ಸಲೀಸಾಗಿ ತಿರುಗಿತು.

ಅಡುಗೆಮನೆಯಲ್ಲಿ ಅತ್ತೆ ಕಿರುಚಿಕೊಂಡರು.

ಎಡಗಡೆಯ ನಲ್ಲಿ ಕೆಮ್ಮಿ, ಗೊರಗೊರ ಅಂದು, ತುಕ್ಕಿನ ಬಣ್ಣದ ನೀರು ಉಗುಳಿತ್ತು. ಸೊಸೆ ಓಡಿಬರುವಷ್ಟರಲ್ಲಿ ನೀರು ತಿಳಿಯಾಗಿ ಹಬೆಯಾಡುತ್ತಿತ್ತು. ಸಿಂಕಿನಲ್ಲಿದ್ದ ಆಲೂಗಡ್ಡೆ ಸಿಪ್ಪೆಯೆಲ್ಲ ತೇಲುತ್ತಿತ್ತು. ಅತ್ತೆ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು.

"ಸುಟ್ಟಿತಾ ಅತ್ತೆ?"

"ಇಲ್ಲ," ಅಂದರು ಅತ್ತೆ. ಆಮೇಲೆ ಒಂದು ಬೆರಳು ಮುಂದೆ ಚಾಚಿ ನೀರಿಗೆ ಹಿಡಿದರು. "ಬಿಸಿ ಇದೆ."

ಮಗ ಬಂದ, ಮಾವ ಬಂದರು. ಮಾವ ನಲ್ಲಿಯನ್ನು ನೋಡಿದರು, ಸೊಸೆಯ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು. "ಓಹೋ, ಬಂತಾ?" ಅಂದು ನಲ್ಲಿ ನಿಲ್ಲಿಸಿ ಹೊರಗೆ ಹೋದರು.

ರಾತ್ರಿ ಊಟಕ್ಕೆ ಕೂತಾಗ ಅದು ನಗುವ ವಿಷಯವಾಯಿತು.

"ಪಾಪ, ಅಮ್ಮನಿಗೆ ಈ ವಯಸ್ಸಲ್ಲಿ ನಲ್ಲಿ ಎರಡು ಯಾಕಿದೆ ಅಂತ ಗೊತ್ತಾಯ್ತು," ಅಂದ ಮಗ.

ಅತ್ತೆಯ ಮುಖ ನೋಡಿ ಸೊಸೆ ಮಾತು ತಿರುಗಿಸಿದಳು. "ಎಲ್ಲರಿಗೂ ಹಾಗೇ ಒಂದೊಂದು ಇರುತ್ತೆ. ನಾನು ಕೆಲಸಕ್ಕೆ ಸೇರೋವರೆಗೂ ಲಿಫ್ಟ್ ಮೇಲಿದ್ರೆ ಕೆಳಗಿನ ಬಾಣ ಒತ್ತಿ ಕರೀಬೇಕು ಅಂದ್ಕೊಂಡಿದ್ದೆ. ನಾನು ಹೋಗಬೇಕಾಗಿದ್ದು ನಾಲ್ಕನೇ ಮಹಡಿಗೆ, ಪ್ರತಿದಿನ ನೆಲಮಾಳಿಗೆ ನೋಡ್ಕೊಂಡು ಬರ್ತಿದ್ದೆ."

ಮಗ ನಕ್ಕ. "ನನಗೆ ಹಗಲು ಹೊತ್ತಲ್ಲೂ ಚಂದ್ರ ಕಾಣ್ತಾನೆ ಅಂತ ಗೊತ್ತಾಗಿದ್ದು ಕಾಲೇಜಲ್ಲಿ. ಸ್ನೇಹಿತನ ಜೊತೆ ಪಂದ್ಯ ಕಟ್ಟಿ ಸೋತಿದ್ದೆ."

"ಅನಾನಸು ಮರದಲ್ಲಿ ಬಿಡುತ್ತೆ ಅಂದ್ಕೊಂಡಿದ್ದೆ ನಾನು," ಅಂದರು ಮಾವ. "ನಲವತ್ತಾಗಿತ್ತು. ನೆಲದ ಮೇಲೆ ಕೂತಿರೋದು ನೋಡಿ ಯಾರೋ ಕಿತ್ತು ಇಟ್ಟಿದ್ದಾರೆ ಅಂತ ಎತ್ತೋಕೆ ಹೋಗಿದ್ದೆ."

"ನನಗೆ ಎಲ್ಲ ಮೊದಲೇ ಗೊತ್ತಿತ್ತು," ಅಂದಳು ಅಜ್ಜಿ ಮಂಚದ ಮೇಲಿನಿಂದ. ಎಲ್ಲರೂ ಇನ್ನಷ್ಟು ನಕ್ಕರು.

ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ಅನಾನಸು ಎಲ್ಲಿ ಬಿಡುತ್ತೆ ಅಂತ ಗೊತ್ತಿಲ್ಲದೆ ನಿಮಗೇನು ನಷ್ಟ ಆಯ್ತು?"

ಮಾವ ನೀರಿನ ಲೋಟಕ್ಕೆ ಕೈ ಹಾಕಿದರು.

"ಬಚ್ಚಲಲ್ಲಿರೋ ಆ ವಾಲ್ವ್ ಮುಚ್ಚಿದ್ದು ಯಾರು?"

"ಕಟ್ಟಿದೋರು ಮುಚ್ಚಿಟ್ಟಿರ್ತಾರೆ," ಅಂದರು ಮಾವ. "ನನಗೇನು ಗೊತ್ತು?"

"ಬಚ್ಚಲಿಗೆ ಬಣ್ಣ ಬಳಿದೋರು ನೀವೇ. ಅದರ ಮೇಲೂ ಬಳಿದಿದ್ದೀರಿ."

"ಗೋಡೆ ಮೇಲೆ ಏನಿರುತ್ತೋ ಅದಕ್ಕೆಲ್ಲ ಬಣ್ಣ ಬೀಳುತ್ತೆ. ಊಟ ಮಾಡೋ ಹೊತ್ತಲ್ಲಿ ಇದೆಂಥ ವಿಚಾರಣೆ? ನೀರು ಬಂತಲ್ಲ, ಬಿಡು."

ಅತ್ತೆ ಬಿಡಲಿಲ್ಲ. ಮರುದಿನ ಪಾತ್ರೆ ತೊಳೆಯುವಾಗ ಎಡಗಡೆಯ ನಲ್ಲಿ ಬಿಟ್ಟುಕೊಂಡು, ತೊಳೆಯುವುದು ಮುಗಿದ ಮೇಲೂ ಕೈ ಹಿಡಿದುಕೊಂಡೇ ನಿಂತಿದ್ದರು. ಅವರ ಬೆರಳುಗಳು ಪ್ರತಿ ಚಳಿಗಾಲ ಊದಿಕೊಂಡು ಗಂಟಿನ ಹತ್ತಿರ ಸೀಳುತ್ತಿದ್ದವು. ಉಪ್ಪು ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದರು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಚಳಿ ಬಂತು ಅಂದರೆ ಅಮ್ಮನ ಕೈ ಹಾಗಾಗುತ್ತೆ, ಅಷ್ಟೇ.

"ನಾನು ಕಾಜ ಹಾಕ್ತಿದ್ದೆ, ಗೊತ್ತಾ ನಿನಗೆ?" ಅಂತ ಸೊಸೆಯನ್ನು ಕೇಳಿದರು. "ಅಂಗಡಿಯಿಂದ ಅಂಗಿಗಳು ಬರ್ತಿದ್ವು. ಗುಂಡಿಯ ತೂತಿಗೆ ಕೈಯಲ್ಲೇ ದಾರ ಹೆಣೀಬೇಕು. ಟೈಲರ್ ಮಾಸ್ತರು ನನ್ನ ಕಾಜ ತಿರುಗಿಸಿ ನೋಡಿ, ಒಳಗಡೆ ಯಾವುದು ಹೊರಗಡೆ ಯಾವುದು ಗೊತ್ತಾಗಲ್ಲ ಅಂತಿದ್ರು. ನಿನ್ನ ಗಂಡ ಶಾಲೆಗೆ ಹೋಗೋ ಹೊತ್ತಿಗೆ ಕೈ ಸೀಳೋದು ಜಾಸ್ತಿ ಆಯ್ತು. ದಾರ ಚರ್ಮಕ್ಕೆ ಸಿಕ್ಕಿಕೊಳ್ತಿತ್ತು. ಒಂದು ಬಿಳಿ ಅಂಗಿಗೆ ರಕ್ತ ತಾಗ್ತು. ಮದುವೆ ಅಂಗಿ ಅದು. ಆಮೇಲೆ ಮಾಸ್ತರು ಬಟ್ಟೆ ಕಳಿಸಲಿಲ್ಲ."

"ಪಾತ್ರೆಗೆ ನೀರು ಕಾಯಿಸಿಕೊಳ್ಳಬಹುದಿತ್ತಲ್ಲ ಅತ್ತೆ."

"ಕಾಯಿಸ್ತಿದ್ದೆ ಮೊದಮೊದಲು. ಪಾತ್ರೆಗೂ ಸ್ನಾನ ಮಾಡಿಸ್ತೀಯಾ ಅಂತ ನಿಮ್ಮ ಮಾವ ನಕ್ಕರು."

ಆ ವಾರದಿಂದ ಅತ್ತೆಗೆ ಒಂದು ಹೊಸ ಅಭ್ಯಾಸ ಹತ್ತಿತು. ಸಂಜೆ ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು. "ಎರಡು ಫ್ಯಾನು ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತೆ ಅಂತಾರೆ ನಿಮ್ಮ ಮಾವ. ನಿಜವಾ?"

"ಇಲ್ಲ ಅತ್ತೆ, ಯಾಕೆ ಹೋಗುತ್ತೆ?"

"ನಾನು ಇಷ್ಟು ವರ್ಷ ಅಡುಗೆಮನೇಲಿ ಸೆಖೆ ತಡ್ಕೊಂಡು ಕೂತಿದ್ದೆ." ಮಾರನೇ ದಿನ ಮತ್ತೊಂದು. "ಡಿಪೋದವರ ಹೆಂಡತಿಯರಿಗೆ ಬಸ್ ಪಾಸ್ ಕೊಡ್ತಿರಲಿಲ್ಲ ಅಂತ ಹೇಳಿದ್ರು. ಅದು?"

ಸೊಸೆ ಲ್ಯಾಬಿನಲ್ಲಿ ಯಾರನ್ನೋ ಕೇಳಿಕೊಂಡು ಬಂದಳು. ಅದು ನಿಜವೇ ಆಗಿತ್ತು. ಅತ್ತೆಗೆ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. ಹಿಂದಿನ ಕೋಣೆಯ ಕಿಟಕಿ ತೆಗೆದರೆ ಮತ್ತೆ ಮುಚ್ಚಲು ಬರುವುದಿಲ್ಲ ಅಂತ ಮಾವ ಯಾವ ಕಾಲದಿಂದಲೋ ಹೇಳುತ್ತಿದ್ದರು. ಅತ್ತೆ ಒಂದು ಮಧ್ಯಾಹ್ನ ಲಟ್ಟಣಿಗೆಯಿಂದ ಬಡಿದು ಅದನ್ನು ತೆಗೆದರು. ಅದು ನಿಜವಾಗಿಯೂ ಮುಚ್ಚಲಿಲ್ಲ. ಮನೆಯವರೆಲ್ಲ ಸ್ವೆಟರ್ ಹಾಕಿಕೊಂಡು ಊಟ ಮಾಡಬೇಕಾಯಿತು.

"ಈಗ ನಂಬಿದೆಯಾ?" ಅಂದರು ಮಾವ, ಕಿಟಕಿಗೆ ರಟ್ಟು ಹೊಡೆಯುತ್ತ.

"ಇದನ್ನ ನಂಬಿದೆ," ಅಂದರು ಅತ್ತೆ.

ಸೊಸೆ ರಾತ್ರಿ ಗಂಡನಿಗೆ ಹೇಳಿದಳು. "ನಾನು ಆ ಬಲೆ ತೆಗೆಯೋಕೆ ಹೋಗಬಾರದಿತ್ತು."

"ಅಮ್ಮನಿಗೆ ಕೆಲಸ ಇಲ್ಲ," ಅಂದ ಅವನು ಗೋಡೆಯ ಕಡೆಗೆ ತಿರುಗಿ. "ನಾಲ್ಕು ದಿನ ಆದ್ಮೇಲೆ ಸರಿ ಹೋಗ್ತಾಳೆ."

ಸರಿ ಹೋಗಲಿಲ್ಲ. ಅತ್ತೆ ಬೆಳಿಗ್ಗೆ ಚಹಾ ಕೊಡುವಾಗ ಲೋಟವನ್ನು ಮಾವನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ಮಾವ ಪೇಪರಿನ ಹಿಂದೆ ಕೂತು ಕುಡಿಯುತ್ತಿದ್ದರು. ಒಂದು ದಿನ ಆ ಪೇಪರಿನಲ್ಲೇ ಅವರಿಗೆ ಏನೋ ಸಿಕ್ಕಿತು.

"ಕೇಳಿಲ್ಲಿ, ಕೇಳಿಲ್ಲಿ," ಅಂತ ಜೋರಾಗಿ ಕರೆದರು. "ತುಂಬಾ ಬಿಸಿನೀರಲ್ಲಿ ಕೈ ಆಡಿಸಿದರೆ ಚರ್ಮ ಒಣಗಿ ಸೀಳುತ್ತಂತೆ! ಡಾಕ್ಟರೇ ಬರೆದಿದ್ದಾರೆ. ನೋಡು, ಒಂಥರಾ ಒಳ್ಳೇದೇ ಆಗಿತ್ತು ನಿನಗೆ."

ಅತ್ತೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದರು. ಎರಡೂ ಕೈಗಳನ್ನು ಮಾವನ ಮುಖ ಮತ್ತು ಪೇಪರಿನ ನಡುವೆ ಹಿಡಿದರು.

"ಒಳ್ಳೇದಾಯ್ತಾ? ಇದನ್ನ ನೋಡಿಕೊಂಡು ಹೇಳಿ."

"ಅಯ್ಯೋ, ತಮಾಷೆಗೆ ಅಂದೆ ಮಾರಾಯ್ತಿ."

"ಮುಚ್ಚಿದ್ದು ಯಾರು ಅಂತ ಹೇಳಿ. ಇವತ್ತು ಹೇಳದಿದ್ರೆ ಈ ಮನೇಲಿ ಒಲೆ ಹಚ್ಚಲ್ಲ."

ಸೊಸೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು. ಅವಳ ಹಿಂದೆ ಮಗ ಬೂಟಿನ ದಾರ ಕಟ್ಟುತ್ತ ಬಗ್ಗಿದವನು ಬಗ್ಗಿಯೇ ಇದ್ದ.

ಮಾವ ಪೇಪರು ಮಡಚಿದರು. "ನಾನೇ ಮುಚ್ಚಿದ್ದು. ಆಯ್ತಾ? ಈ ಮನೆಗೆ ಬಂದ ವರ್ಷ. ಡಿಪೋದಿಂದ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಬರ್ತಿದ್ದೆ. ಗೀಸರ್ ಇಷ್ಟೇ ಇಷ್ಟು. ಅಡುಗೆಮನೇಲಿ ಬಿಟ್ಟರೆ ನನಗೆ ಸ್ನಾನದ ಮಧ್ಯದಲ್ಲಿ ತಣ್ಣೀರು. ಒಂದು ಚಳಿಗಾಲಕ್ಕೆ ಅಂತ ಮುಚ್ಚಿದೆ."

"ನನಗೆ ಹೇಳಬಹುದಿತ್ತು. ನೀವು ಬರೋ ಹೊತ್ತಿಗೆ ನಾನೇ ನಿಲ್ಲಿಸ್ತಿದ್ದೆ."

"ಹೇಳಿದ್ರೆ ನೀನು ಕೇಳ್ತಿದ್ದೆಯಾ?"

"ಕೇಳ್ತಿದ್ದೆ," ಅಂದರು ಅತ್ತೆ. "ನೀವು ಪೈಪೇ ಇಲ್ಲ ಅಂದಿದ್ದನ್ನೇ ಕೇಳಿದೆನಲ್ಲ. ಆಮೇಲೆ ಯಾಕೆ ತೆಗೀಲಿಲ್ಲ?"

ಮಾವ ತಲೆ ಕೆಳಗೆ ಹಾಕಿದರು. "ಮರೆತೆ."

"ಮರೆತಿರಾ?"

"ಮರೆತೇ ಹೋಯ್ತು ಕಣೇ. ಆಣೆ ಮಾಡಿ ಹೇಳ್ತೀನಿ. ಮತ್ತೆ ಅದರ ನೆನಪೇ ಬರಲಿಲ್ಲ."

ಅತ್ತೆ ಕೈಗಳನ್ನು ಹಿಂದಕ್ಕೆ ತೆಗೆದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದರು.

ಮರೆತೆ ಅನ್ನುವ ಆ ಒಂದು ಮಾತು ಮನೆಯನ್ನು ಕೆಲವು ದಿನ ನಡೆಸಿತು. ಅತ್ತೆ ಅದನ್ನೇ ಹಿಡಿದುಕೊಂಡರು. "ಬೇಕು ಅಂತ ಮಾಡಿದ್ದಲ್ಲ ಬಿಡು," ಅಂತ ಸೊಸೆಗೆ ತಾವಾಗಿಯೇ ಹೇಳಿದರು. "ದುಡಿದು ಸುಸ್ತಾಗಿ ಬರೋ ಮನುಷ್ಯ. ತಲೇಲಿ ಸಾವಿರ ಇರುತ್ತೆ. ಮರೆತವರ ಜೊತೆ ಏನು ಜಗಳ ಆಡೋದು?" ಚಹಾದ ಲೋಟ ಮತ್ತೆ ಮಾವನ ಕೈಗೇ ಹೋಗತೊಡಗಿತು. ಮಾವ ಎಂದೂ ಇಲ್ಲದವರು ಸಂತೆಯಿಂದ ತರಕಾರಿ ತಂದರು, ಅರ್ಧ ಕೊಳೆತದ್ದೇ ತಂದರು. "ಅನಾನಸು ತರಲಿಲ್ವಾ, ಮರದಿಂದ ಕಿತ್ತು?" ಅಂತ ಅತ್ತೆ ಅಂದಾಗ ಮಾವ ನಕ್ಕರು. ಸೊಸೆಗೆ ಉಸಿರು ಬಂದ ಹಾಗಾಯಿತು. ಗಂಡ ಮಾತ್ರ ಆ ದಿನಗಳಲ್ಲಿ ಊಟಕ್ಕೆ ತಡವಾಗಿ ಬರುತ್ತಿದ್ದ, ತಟ್ಟೆಯಿಂದ ತಲೆಯೆತ್ತದೆ ಉಂಡು ಏಳುತ್ತಿದ್ದ. ಕಚೇರಿಯಲ್ಲಿ ಕೆಲಸ ಹೆಚ್ಚು ಅನ್ನುತ್ತಿದ್ದ.

ಲ್ಯಾಬಿಗೆ ರಜೆಯಿದ್ದ ದಿನ ಸೊಸೆ ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅತ್ತೆ ಅಜ್ಜಿಗೆ ಊಟ ಹಾಕಿಕೊಟ್ಟರು. ಅಜ್ಜಿ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಈಗ ತಟ್ಟೇಲಿ ಜಿಡ್ಡಿರಲ್ಲ ಕಣೇ ಹುಡುಗಿ," ಅಂದಳು. ಐವತ್ತೆರಡು ವರ್ಷದ ಅತ್ತೆ ಅವಳಿಗೆ ಇನ್ನೂ ಹುಡುಗಿಯೇ. "ಆವಾಗಲೂ ಹೀಗೇ ಫಳಫಳ ಅಂತಿತ್ತು. ನೀನು ಮಗಳ ಹೆರಿಗೆಗೆ ಅಂತ ಹೋಗಿದ್ದೆಯಲ್ಲ, ಆವಾಗ."

"ನಾನಿಲ್ಲದಾಗ ನಿಮಗೆ ಪಾತ್ರೆ ಹೊಳೀತಿತ್ತಾ?" ಅತ್ತೆ ನಕ್ಕರು. "ನನ್ನ ಹೊಟ್ಟೆ ಉರಿಸೋಕೆ ಹೇಳ್ತೀರಿ."

"ನಿನ್ನ ಮಗ ತೊಳೀತಿದ್ದ. ಒಂದು ದಿನ ಅವನು, ಒಂದು ದಿನ ಅವನಪ್ಪ. ಬಿಸಿಬಿಸಿ ನೀರು. ಹಬೆ ಇಲ್ಲಿವರೆಗೂ ಬರ್ತಿತ್ತು. ಸೋಪಿನ ವಾಸನೆ."

ಅತ್ತೆಯ ಕೈ ನೀರಿನ ಲೋಟದ ಮೇಲೆ ನಿಂತಿತು. "ಕಾಯಿಸ್ಕೊಳ್ತಿದ್ರು ಅನ್ನಿ."

"ಎಲ್ಲಿ ಕಾಯಿಸ್ತಾರೆ ಗಂಡಸರು? ನಲ್ಲಿ ಬಿಟ್ಟುಕೊಂಡು ತೊಳೀತಿದ್ರು. ನೀನು ಬರೋ ದಿನ ನಿಲ್ಲಿಸಿದ್ರು." ಅಜ್ಜಿ ತುತ್ತು ಬಾಯಿಗಿಟ್ಟುಕೊಂಡಳು. "ಉಪ್ಪು ಕಡಿಮೆ ಆಗಿದೆ."

ಸೊಸೆ ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅದು ಗಂಡನದೇ ಅಂಗಿ. ಅತ್ತೆ ಉಪ್ಪು ತಂದು ಅಜ್ಜಿಯ ತಟ್ಟೆಗೆ ಹಾಕಿದರು. "ನಿಮಗೆ ಗೊತ್ತಿತ್ತಾ ಅತ್ತೆ?" ಅಂತ ಅಜ್ಜಿಯನ್ನು ಮೆಲ್ಲಗೆ ಕೇಳಿದರು.

"ನನ್ನ ಯಾರು ಕೇಳಿದ್ರು? ನೀನು ತಣ್ಣೀರೇ ಇಷ್ಟ ಅಂತ ತೊಳೀತೀಯ ಅಂದ್ಕೊಂಡೆ."

ಅವತ್ತು ಸಂಜೆ ಮಗ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಮಾವ ಆಗಲೇ ಕೂತಿದ್ದರು. ಅತ್ತೆ ಇಬ್ಬರಿಗೂ ಬಡಿಸಿ, ಎದುರಿಗೆ ತಾವೂ ಕುರ್ಚಿ ಎಳೆದು ಕೂತರು. ಹಾಗೆ ಕೂರುವುದು ಆ ಮನೆಯಲ್ಲಿ ಇರಲಿಲ್ಲ.

"ನಿನ್ನ ಅಕ್ಕನ ಹೆರಿಗೆಗೆ ನಾನು ಹೋಗಿದ್ದಾಗ ನೀನು ಪಾತ್ರೆ ತೊಳೆದಿದ್ದು ಯಾವ ನೀರಲ್ಲಿ?"

ಮಗ ಅಪ್ಪನ ಕಡೆ ನೋಡಿದ.

"ಅವರನ್ನ ನೋಡಬೇಡ. ನಿನ್ನ ಕೇಳ್ತಿರೋದು."

"ಅಮ್ಮಾ, ಅದು ಎಂಟು ವರ್ಷದ ಹಿಂದಿನ ಮಾತು."

"ಹಾಗಾದ್ರೆ ನೆನಪಿದೆ. ನಿಮ್ಮಪ್ಪನ ಹಾಗೆ ಮರೆತಿಲ್ಲ."

"ಅವನನ್ನ ಯಾಕೆ ಎಳೀತೀಯ?" ಮಾವನ ದನಿ ಏರಿತು. "ಚಿಕ್ಕ ಹುಡುಗ ಆಗ."

"ಇಪ್ಪತ್ತೆರಡು ವರ್ಷದವನು ಚಿಕ್ಕ ಹುಡುಗನಾ? ಆ ವಯಸ್ಸಿಗೆ ನನಗೆ ಎರಡು ಮಕ್ಕಳು. ನೀವು ಬಾಯಿ ಮುಚ್ಚಿ. ನೆನಪೇ ಬರಲಿಲ್ಲ ಅಂತ ಆಣೆ ಮಾಡಿದೋರು ನೀವು."

ಮಾವ ತುತ್ತು ಕಲಸುತ್ತಲೇ ಇದ್ದರು, ಎತ್ತಲಿಲ್ಲ. ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಗಂಡ ಅವಳನ್ನೂ ಒಮ್ಮೆ ನೋಡಿ ಕಣ್ಣು ತಪ್ಪಿಸಿದ.

"ಎರಡು ದಿನ ತಣ್ಣೀರಲ್ಲಿ ತೊಳೆದ್ವಿ," ಅಂದ ಕೊನೆಗೆ. "ಕೈ ಮರಗಟ್ಟಿ ಹೋಯ್ತು. ಇದು ಆಗಲ್ಲಪ್ಪ ಅಂದೆ. ಆಗ ಅಪ್ಪ ಸ್ಟೂಲು ಹತ್ತಿ ತೆಗೆದ್ರು."

"ಎರಡು ದಿನಕ್ಕೆ," ಅಂದರು ಅತ್ತೆ.

"ನಿನಗೆ ಹೇಳಬೇಕು ಅಂತಾನೇ ಇದ್ವಿ ಅಮ್ಮ. ಆದ್ರೆ ಹೇಳಿದ್ರೆ ನೀನು ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಅದಕ್ಕೆ ಏನು ಹೇಳೋದು? ಅಪ್ಪ ನಿಧಾನಕ್ಕೆ ಹೇಳೋಣ ಅಂದ್ರು. ಆಮೇಲೆ... ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು."

"ಮುಚ್ಚಿದ್ದು ಯಾರು? ನಾನು ಬರೋ ದಿನ."

ಮಗ ತಟ್ಟೆಯಂಚಿನ ಅನ್ನವನ್ನು ಒಳಗೆ ಸರಿಸಿದ.

"ಆಟೋ ಗೇಟಿಗೆ ಬಂದು ನಿಂತಾಗ ನೀನು ಮೆಟ್ಟಿಲು ಓಡಿಕೊಂಡು ಇಳಿದು ಬಂದು ನನ್ನ ಚೀಲ ಎತ್ಕೊಂಡೆ. ಏದುಸಿರು ಬಿಡ್ತಿದ್ದೆ. ಅಮ್ಮನ್ನ ನೋಡೋಕೆ ಹೇಗೆ ಓಡಿ ಬಂದ ನನ್ನ ಮಗ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೀನಿ ನಾನು. ಅದಕ್ಕೆ ಮೊದಲು ಸ್ಟೂಲು ಹತ್ತಿ ಇಳಿದಿದ್ದೆಯಾ?"

"ಅಪ್ಪ ಮುಚ್ಚು ಅಂದ್ರು," ಅಂದ ಮಗ. ಅವನ ಕಣ್ಣು ತುಂಬಿತ್ತು. "ಈಗ ನೀರು ಬರುತ್ತಲ್ಲಮ್ಮ. ಇನ್ನೂ ಅದನ್ನೇ ಹಿಡ್ಕೊಂಡು..."

"ಬರುತ್ತೆ," ಅಂದರು ಅತ್ತೆ ಏಳುತ್ತ. "ಉಂಡ ಮೇಲೆ ತೊಳೀರಿ. ಇಬ್ಬರಿಗೂ ಅಭ್ಯಾಸ ಇದೆ."

ಅವರು ತೊಳೆದರು. ಮರುದಿನವೂ ತೊಳೆದರು. ನಾಲ್ಕನೇ ದಿನ ಮಾವನಿಗೆ ಸೊಂಟ ಹಿಡಿಯಿತು, ಮಗನಿಗೆ ಕಚೇರಿಯಿಂದ ಕರೆ ಬಂತು. ಸಿಂಕಿನ ಮುಂದೆ ಸೊಸೆ ನಿಂತಳು. ಅತ್ತೆ ನೋಡಿದವರೇ ಬಂದು ಅವಳ ಕೈಯಿಂದ ಸ್ಕ್ರಬ್ಬರ್ ತೆಗೆದುಕೊಂಡರು. "ಇದಕ್ಕೆ ನೀನು ಸಿಕ್ಕಿಕೊಳ್ಳಬೇಡ," ಅಂದರು. ತೊಳೆಯಲಿಲ್ಲ. ಪಾತ್ರೆಗಳು ಹಾಗೇ ಬಿದ್ದಿದ್ದವು, ಮಗ ಹೊತ್ತು ಮೀರಿ ಬಂದು ತೊಳೆಯುವವರೆಗೆ.

ಮನೆಯಲ್ಲಿ ಜಗಳ ನಿಂತುಹೋಯಿತು. ಅತ್ತೆ ಅಡುಗೆ ಮಾಡಿದರು, ಬಡಿಸಿದರು, ಅಜ್ಜಿಯ ತಲೆ ಬಾಚಿದರು. ಸಂಜೆ ಸೊಸೆ ಚಪ್ಪಲಿ ಬಿಡುವಾಗ ಏನನ್ನೂ ಕೇಳಲಿಲ್ಲ. ಫ್ಯಾನು, ಕಿಟಕಿ, ಬಸ್ಸು ಯಾವುದರ ಮಾತೂ ಇಲ್ಲ. ಸೊಸೆಗೆ ಆ ಪ್ರಶ್ನೆಗಳೇ ವಾಸಿಯಾಗಿತ್ತು ಅನ್ನಿಸಿತು. ಅವಳು ಗಂಡನನ್ನು ಒಂದೇ ಸಲ ಕೇಳಿದಳು, "ನಾನು ಬಂದ ಮೇಲಾದರೂ ಹೇಳಬಹುದಿತ್ತಲ್ಲ? ನಾನೂ ಅದೇ ತಣ್ಣೀರಲ್ಲಿ ಕೈ ಅದ್ದುತ್ತಿದ್ದೆ." "ನಿನಗೆ ಹೇಳಿದ್ರೆ ನೀನು ಅಮ್ಮನಿಗೆ ಹೇಳ್ತಿದ್ದೆ," ಅಂದ ಅವನು. ಅವಳು ದಿಂಬು ಎತ್ತಿಕೊಂಡು ಅಜ್ಜಿಯ ಮಂಚದ ಪಕ್ಕದಲ್ಲಿ ಹಾಸಿಗೆ ಹಾಕಿದಳು.

ಚಳಿ ಇನ್ನೂ ಇಳಿದಿರಲಿಲ್ಲ. ಮಗ ಒಂದು ಸಂಜೆ ಬೇಗ ಬಂದ. ಕೈಯಲ್ಲಿ ಔಷಧಿ ಅಂಗಡಿಯ ಪುಟ್ಟ ಪೊಟ್ಟಣ. ಅತ್ತೆ ಬೇಳೆ ಆರಿಸುತ್ತ ಕೂತಿದ್ದರು. ಸೊಸೆ ಪಕ್ಕದಲ್ಲಿದ್ದಳು. ಅವನು ತಾಯಿಯ ಮುಂದೆ ನೆಲದ ಮೇಲೆ ಕೂತು ಒಳಗಿನಿಂದ ಟ್ಯೂಬ್ ತೆಗೆದ.

"ಅಮ್ಮ, ಇದು ಕೈಗೆ. ಚರ್ಮದ ಡಾಕ್ಟರನ್ನ ಕೇಳಿ ತಂದೆ. ದಿನಕ್ಕೆ ಎರಡು ಸಲ, ಕೈ ಒರೆಸ್ಕೊಂಡು ಹಚ್ಚಬೇಕು. ಸೀಳಿರೋ ಕಡೆ ಒತ್ತಿ ಉಜ್ಜಬಾರದು."

ಅವನು ಮುಚ್ಚಳ ತಿರುಗಿಸಿ, ತಾಯಿಯ ಕೈ ಹಿಡಿಯಲು ತನ್ನ ಕೈ ಚಾಚಿದ. ಅತ್ತೆ ಅವನ ಕೈಯಿಂದ ಟ್ಯೂಬ್ ತೆಗೆದುಕೊಂಡು ಸೊಸೆಗೆ ಕೊಟ್ಟರು.

"ಇದರ ಮೇಲೆ ಏನು ಬರೆದಿದೆ ಓದು."

"ನಾನೇ ಹೇಳ್ತಾ ಇದ್ದೀನಲ್ಲಮ್ಮ," ಅಂದ ಮಗ.

"ಅವಳು ಓದಲಿ."

ಅಕ್ಷರಗಳು ತುಂಬ ಸಣ್ಣವಿದ್ದವು. ಸೊಸೆ ಟ್ಯೂಬನ್ನು ದೀಪದ ಕಡೆ ತಿರುಗಿಸಿ ಓದಿದಳು. ದಿನಕ್ಕೆ ಎರಡು ಸಲ. ಒಣಗಿದ ಕೈಗೆ. ಗಾಯದ ಮೇಲೆ ಉಜ್ಜಬಾರದು.

"ಇವನು ಹೇಳಿದ್ದೂ ಅದೇನಾ?"

"ಅದೇ ಅತ್ತೆ."

"ಏನೂ ಬಿಟ್ಟಿಲ್ಲ ತಾನೆ?"

ಸೊಸೆ ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಗಂಡ ಅವಳ ಬಾಯನ್ನೇ ನೋಡುತ್ತಿದ್ದ, ಮುಚ್ಚಳ ಅವನ ಮುಷ್ಟಿಯಲ್ಲೇ ಇತ್ತು.

"ಇಲ್ಲ ಅತ್ತೆ. ಏನೂ ಬಿಟ್ಟಿಲ್ಲ."

"ಸರಿ ಹಾಗಾದ್ರೆ," ಅಂದು ಅತ್ತೆ ಬೇಳೆಯ ಮೊರ ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ಸೊಸೆಯ ಮುಂದೆ ಚಾಚಿದರು.